ಕಪ್ಪು ತೆರೆ ಮತ್ತು ನಲವತ್ತು ನಿಮಿಷ



ಕಳೆದ ವರ್ಷ ಗೌರಿಬಿದನೂರಿನಲ್ಲಿ ನೀವು ನಡೆಸಿದ ಗುರುವಂದನೆಯ ವಿಡಿಯೋ ನಿಮ್ಮೆಲ್ಲರ ಕೈ ಸೇರಿತು. ಶಿಡ್ಲಘಟ್ಟದಲ್ಲಿರುವ ನನ್ನ ಹಿರಿಯ ಸಹೋದ್ಯೋಗಿಗಳಿಗೆ ಮಾತ್ರ ಸೇರಿಯೂ ಸೇರಲಿಲ್ಲ. ಮಂಡಿನೋವಿನಿಂದ ಸಮಾರಂಭಕ್ಕೆ ಬರಲಾಗದಿದ್ದ ಅವರು ಮೊಮ್ಮಗನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತರು. ತೆರೆ ಕಪ್ಪಾಗಿಯೇ ಇತ್ತು. ಧ್ವನಿ ಮಾತ್ರ ಬರುತ್ತಿತ್ತು. ಒಂದೊಂದು ದನಿಯನ್ನೂ ಗುರುತಿಸಿ ಹೆಸರು ಹೇಳುತ್ತ ನಲವತ್ತು ನಿಮಿಷ ಕೇಳಿದರಂತೆ. "ಮುಖ ನೋಡಬೇಕೆಂದಿತ್ತು ಮೇಷ್ಟ್ರೇ" ಎಂದು ದೂರವಾಣಿಯಲ್ಲಿ ಅವರು ಹೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಅದನ್ನು ಸಿದ್ಧಪಡಿಸಿದವನು ನಿಮ್ಮಲ್ಲೇ ಒಬ್ಬ, ಈಗ ವಿದೇಶವಾಸಿ. ವಿಚಾರಿಸಿದೆ. "ಸಾರ್, ಎಚ್.265ರಲ್ಲಿ ಎಕ್ಸ್‌ಪೋರ್ಟ್ ಮಾಡಿದೆ, ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ" ಎಂದ. ಗಾತ್ರ ಇಳಿದದ್ದು ನಿಜ. ನೋಡುವವರ ಸಂಖ್ಯೆಯೂ ಇಳಿಯಿತಲ್ಲ! ಚಿಕ್ಕಬಳ್ಳಾಪುರ ಸೀಮೆಯವರಿಗೆ ರಫ್ತೆಂದರೆ ಮಲೇಷಿಯಾ, ಸಿಂಗಪುರಗಳಿಗೆ ಹೋಗುವ ಗುಲಾಬಿ ಈರುಳ್ಳಿ. ನಮ್ಮ ರೈತರು ಕೊಳ್ಳುವವರ ನಾಲಿಗೆ ನೋಡಿ ಬೆಳೆಯುತ್ತಾರೆಯೇ ಹೊರತು ತಮ್ಮ ನಾಲಿಗೆ ನೋಡಿಯಲ್ಲ.

ವಿಡಿಯೋ ಕಡತದಲ್ಲಿ ಎಂಪಿ4, ಎಂಒವಿ ಎಂಬವು ಡಬ್ಬಿಯ ಹೆಸರುಗಳು. ಒಳಗೆ ಚಿತ್ರವನ್ನು ಅಡಕಗೊಳಿಸಿದ ಕ್ರಮ ಬೇರೆ. ಅದಕ್ಕೆ ಕೋಡೆಕ್ ಎನ್ನುತ್ತಾರೆ. ನಮ್ಮ ಮನೆಯ ಬೋರ್ನ್‌ವಿಟಾ ಡಬ್ಬಿಯಲ್ಲಿ ಎಷ್ಟೋ ವರ್ಷಗಳಿಂದ ಸಾಸಿವೆಯಿದೆ. ನಮ್ಮ ವಿಡಿಯೋದ ಡಬ್ಬಿಯೂ ಎಂಪಿ4 ಆಗಿತ್ತು. ಒಳಗಿದ್ದುದು 2013ರಲ್ಲಿ ಅಂಗೀಕೃತವಾದ ಎಚ್.265. ಹಳೆಯ ಯಂತ್ರಗಳು ಹಲವಕ್ಕೆ ಅದನ್ನು ಬಿಡಿಸಲು ಬಾರದು. 2003ರ ಎಚ್.264 ಆದರೋ ಆಂಡ್ರಾಯ್ಡ್, ಐಫೋನ್, ವಿಂಡೋಸ್, ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಎಲ್ಲವೂ ಬಲ್ಲ ಭಾಷೆ. ಧ್ವನಿಗೆ ಎಎಸಿ ಇದ್ದರಾಯಿತು.

ಹೊಸತನ್ನು ಕಂಡರಾಗದ ಮುದುಕನೆಂದು ಎಣಿಸಬೇಡಿ. 2018ರ ಎವಿ1 ಇನ್ನೂ ಚಿಕ್ಕದಾಗಿ ಅಡಕಗೊಳಿಸುತ್ತದೆ. ಆದರೆ ಯೂಟ್ಯೂಬಿನಂತಹ ತಾಣಗಳು ಒಂದೇ ವಿಡಿಯೋವನ್ನು ಹಲವು ರೂಪಗಳಲ್ಲಿಟ್ಟುಕೊಂಡು ನೋಡುವವರ ಯಂತ್ರಕ್ಕೆ ಒಗ್ಗುವುದನ್ನು ಬಡಿಸುತ್ತವೆ. ಮನೆಮಂದಿಗೆಂದು ಒಂದೇ ಕಡತ ಕಳುಹಿಸುವ ನಮಗೆ ಆ ಅನುಕೂಲವೆಲ್ಲಿ? ನುಡಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಪತ್ರ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿದ್ದುದು ನೆನಪಿದೆಯೇ? ಯುನಿಕೋಡನ್ನು ಎಲ್ಲರೂ ಒಪ್ಪಿದ ಮೇಲಲ್ಲವೇ ಆ ಕಾಟ ತಪ್ಪಿದ್ದು.

ಇನ್ನೊಂದು ಮಾತು: ಮೂಲಪ್ರತಿಯನ್ನು ಅಳಿಸಬೇಡಿ. 2009ರ ಶಾಲಾ ವಾರ್ಷಿಕೋತ್ಸವವನ್ನು ಫ್ಲ್ಯಾಶ್ ರೂಪದಲ್ಲಿ ಮಾಡಿಸಿ, ಟೇಪನ್ನು ಕಳೆದುಕೊಂಡ ಪಾಪಿ ನಾನು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ನಿಲ್ಲಿಸಿತು. ಬ್ರೌಸರಿನಲ್ಲಿ ಅದೀಗ ತೆರೆಯದು. ಬೇರೆ ತಂತ್ರಾಂಶದಿಂದ ತೆರೆದರೂ ಆ ಮಸುಕು ಚಿತ್ರವೇ ಗತಿ.

ಈ ಬಾರಿ ಪುಣ್ಯಕ್ಕೆ ಮೂಲ ಉಳಿದಿತ್ತು. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಎಂಪಿ4, ಎಚ್.264, 720ಪಿ ಆರಿಸಿ, 'ವೆಬ್ ಆಪ್ಟಿಮೈಸ್ಡ್' ಎಂಬಲ್ಲಿ ಗುರುತು ಹಾಕಿದೆ. ಈ ಗುರುತಿನಿಂದ ಕಡತದ ಅನುಕ್ರಮಣಿಕೆ ಮೊದಲಿಗೇ ಬಂದು, ಪೂರ್ತಿ ಇಳಿಯುವ ಮುನ್ನವೇ ಚಿತ್ರ ಓಡತೊಡಗುತ್ತದೆ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ನಿಮಿಷಕ್ಕೆ 15 ಎಂಬಿ, ನಲವತ್ತು ನಿಮಿಷಕ್ಕೆ 600 ಎಂಬಿ. ಚಿಂತಾಮಣಿಯ ನಿಮ್ಮ ಗೆಳೆಯ ಅದನ್ನು ಪೆನ್‌ಡ್ರೈವಿನಲ್ಲಿ ಶಿಡ್ಲಘಟ್ಟಕ್ಕೆ ಒಯ್ದ. ಹಿರಿಯರು ಎರಡು ಸಲ ನೋಡಿದರಂತೆ. ಹಿಂದಿನ ಸಾಲಿನಲ್ಲಿ ಕುಳಿತ ಬೋಳುತಲೆಯವನು ಯಾವ ವರ್ಷದ ಹುಡುಗನೆಂದು ಕೇಳುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.