ಆಟ ಪುಕ್ಕಟೆ, ಕೂಲಿ ಯಾರದು? | ನಮ್ಮೂರ ಕಬಡ್ಡಿ ಟೀಮ್, ಭಾಗ 3

ಮೊದಲ್ನೇ ಫೋಟೊ ನೋಡ್ರಿ. ನಮ್ಮೂರ ಸಮುದಾಯ ಭವನದ ಕಪಾಟಿನಾಗ ಸಿಕ್ಕ ಶೀಲ್ಡ್ ಇದು. ಟೂರ್ನಮೆಂಟ್ ಹೆಸರು ಅರ್ಧ ಅಳಿಸ್ಯದ, ಇಸ್ವಿ ಪೂರಾ ಹೋಗ್ಯದ. ಗೆದ್ದ ಏಳು ಮಂದಿ ಯಾರಂತ ಕೇಳಿದ್ರ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರ.

ಆ ಟೀಮಿನಾಗ ಆಡಿದ ಒಬ್ಬ ಕಾಕಾ ಇನ್ನೂ ಊರಾಗೇ ಅದಾರ. "ಫೈನಲ್ ಹೆಂಗಿತ್ತು ಕಾಕಾ?" ಅಂತ ಕೇಳಿದೆ. ಕೊನೇ ರೇಡಿನ ಕಥಿ ಬರ್ತದಂತ ಮೊಬೈಲ್ ರೆಕಾರ್ಡಿಂಗ್ ಬ್ಯಾರೆ ಇಟ್ಟಿದ್ದೆ. ಅವರು ಹೇಳಿದ್ದು ಇಷ್ಟೇ: "ತೊಗರಿ ರಾಶಿ ಟೈಮ್ ಇತ್ತಪಾ. ಮೂರು ದಿನದ ಕೂಲಿ ಹೋಯ್ತು. ನಿಮ್ಮ ಕಾಕು ವಾರದ ತನಕ ಮಾತಾಡಲಿಲ್ಲ."

ಸ್ಕೋರ್ ಅವರಿಗೆ ನೆನಪಿಲ್ಲ. ಕೂಲಿ ನೆನಪದ.

ನಮ್ಮ ದೇಶದ ಕಬಡ್ಡಿಗೆ ಒಂದು ಸಂಸ್ಥೆ ಅದ. ಅದರ ಹೆಸರು ಅಮೆಚೂರ್ ಕಬಡ್ಡಿ ಫೆಡರೇಷನ್ ಆಫ್ ಇಂಡಿಯಾ. ಅಮೆಚೂರ್ ಅಂದ್ರ ರೊಕ್ಕಕ್ಕಲ್ಲ, ಪ್ರೀತಿಗೆ ಆಡೋದು. ಕೇಳಕ್ಕ ಛಂದ ಅದ. ಆದ್ರ ಬಸವಕಲ್ಯಾಣದ ಆಟೋ ನಗರದಾಗ ಲಾರಿ ವೆಲ್ಡಿಂಗ್ ಮಾಡೋ ಹುಡುಗ, ಹುಮನಾಬಾದಿನ ಫ್ಯಾಕ್ಟರಿಯಾಗ ಶಿಫ್ಟ್ ದುಡಿಯೋ ಹುಡುಗ ಒಂದು ದಿನ ಆಡಕ್ಕ ಹೋದ್ರ ಒಂದು ದಿನದ ಪಗಾರ ಕಟ್. ಸಾಹುಕಾರರ ಮಗನಿಗೆ ಆ ಲೆಕ್ಕ ಇಲ್ಲ. ಮ್ಯಾಟ್ ಮ್ಯಾಲೆ ಇಬ್ಬರೂ ಅಮೆಚೂರೇ.

ಇದೇ ಜಗಳದಾಗ ಇಂಗ್ಲೆಂಡಿನಾಗ ಒಂದು ಹೊಸ ಆಟಾನೇ ಹುಟ್ಯದ, ಗೊತ್ತದೇನು? ರಗ್ಬಿ ಲೀಗ್. (ರೀಲ್ ತೋರಿಸಿದ್ರ ನನ್ನ ದೋಸ್ತ ಅಂದ: "ಇದು ಚೆಂಡು ಹಿಡ್ಕೊಂಡು ಆಡೋ ಕಬಡ್ಡಿ ಅದಲೇ!" ಅವನದೇನು ತಪ್ಪಿಲ್ಲ, ಸೊಂಟ ಹಿಡ್ದು ಕೆಡವೋದು ಎರಡರಾಗೂ ಅದ.) ಉತ್ತರ ಇಂಗ್ಲೆಂಡಿನಾಗ ರಗ್ಬಿ ಆಡೋರು ಗಣಿ ಕೆಲಸದವರು, ಮಿಲ್ ಕೆಲಸದವರು. ಮ್ಯಾಚಿಗೆ ಹೋದ್ರ ಕೂಲಿ ಇಲ್ಲ. ಹೋದ ಕೂಲಿಯಷ್ಟಾದ್ರೂ ಕೊಡ್ರಿ ಅಂತ ಅವರ ಕ್ಲಬ್‌ಗಳು ಕೇಳಿದ್ವು. ರಗ್ಬಿ ಯೂನಿಯನ್ ಒಪ್ಪಲಿಲ್ಲ, ರೊಕ್ಕ ಬಂದ್ರ ಆಟ ಕೆಡ್ತದ ಅಂತು. 1895ರ ಆಗಸ್ಟ್ 29ಕ್ಕ ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಾಗ ಸೇರಿ ಆ ಕ್ಲಬ್‌ನವರು ಹೊರಗ ಬಂದ್ರು. ತಮ್ಮದೇ ಸಂಸ್ಥೆ ಮಾಡಿ, ಕೆಲಸ ಬಿಟ್ಟು ಬಂದವನಿಗೆ ದಿನಕ್ಕ 6 ಶಿಲಿಂಗ್ ತನಕ ಕೊಡಬಹುದು ಅಂತ ನಿಯಮ ಬರೆದ್ರು.

"ರೊಕ್ಕ ಬಂದ್ರ ಆಟ ಕೆಡ್ತದ" ಅನ್ನೋ ಮಾತು ನಮ್ಮ ಕಡಿನೂ ಕೇಳ್ತೀನಿ. ಪೂರಾ ಸುಳ್ಳೂ ಅಲ್ಲ ಅದು. ಲೆಕ್ಕ ಹೇಳಲಾರದ ಟೀಮ್ ಒಡೆದದ್ದು ನಾನೂ ನೋಡೀನಿ. ಆದ್ರ ಹೊನಲು ಬೆಳಕಿನ ಟೂರ್ನಮೆಂಟಿಗೆ ಹೊರಗಿಂದ ಒಂದು ರಾತ್ರಿಗಂತ ಆಟಗಾರರ್ನ ಕರ್ಸಕ್ಕ ರೊಕ್ಕ ಸಿಗ್ತದ. ಗೆಸ್ಟ್‌ಗಳ ಶಾಲಿಗೆ, ಮೂವತ್ತು ಮುಖದ ಫ್ಲೆಕ್ಸಿಗೆ ಸಿಗ್ತದ. ವರ್ಷಗಟ್ಟಲೆ ಊರ ಹೆಸರಿಗೆ ಆಡಿದವನ ಮೊಣಕಾಲು ಹೋದ್ರ ಮಾತ್ರ ಯಾರ ಕಿಸೆದಾಗೂ ಇರಲ್ಲ.

ಎರಡ್ನೇ ಫೋಟೊದಾಗ ಗೆರಿ ಹೊರಗ ಕುಂತವ್ರು ನಮ್ಮ ಲೆಫ್ಟ್ ಕಾರ್ನರ್ ಅಣ್ಣ. ಹಿಂದಿನ ವರ್ಷ ಡ್ಯಾಶ್ ಹೊಡಿಯಕ್ಕ ಹೋಗಿ ಮೊಣಕಾಲು ತಿರುಗ್ತು. ಆವತ್ತು ಗೆದ್ದ ರೊಕ್ಕ ಜೀಪಿನ ಬಾಡಿಗಿಗೆ, ಜರ್ಸಿಗೆ ಹೋಯ್ತು. ಸ್ಕ್ಯಾನ್ ಅವರೇ ಸಾಲ ಮಾಡಿ ಮಾಡಿಸ್ಕೊಂಡ್ರು. ಈಗ ಟಂಟಂ ಓಡಿಸ್ತಾರ, ಸಂಜಿಗೆ ಬಂದು ನಮ್ಮ ಪ್ರಾಕ್ಟೀಸ್ ನೋಡ್ತಾರ. ಆ ತಂಡದಾಗ ನಾನೂ ಇದ್ದೆ. ಜರ್ಸಿ ಬಣ್ಣಕ್ಕ ಅರ್ಧ ತಾಸು ವಾದ ಮಾಡೀನಿ, ಅವರ ಔಷಧಿ ಖರ್ಚಿನ ಮಾತು ಎತ್ತಿಲ್ಲ.

ಟಿವಿ ಕಬಡ್ಡಿ ನೋಡ್ರಿ. 2019ರ ಜನವರಿ ಫೈನಲಿನಾಗ ಬೆಂಗಳೂರು ಬುಲ್ಸಿಗೆ 22 ಪಾಯಿಂಟ್ ತಂದ ಪವನ್ ಸೆಹ್ರಾವತ್‌ನ 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ತಗೊಂಡ್ರು. ಮೊದಲ್ನೇ ಮ್ಯಾಚಿನಾಗೇ ಮೊಣಕಾಲಿಗೆ ಪೆಟ್ಟು, ಸೀಸನ್ ಪೂರಾ ಹೊರಗ. ಮುಂದಿನ ಹರಾಜಿನಾಗ 2.6 ಕೋಟಿ ದಾಟ್ತು. ಮೊಣಕಾಲು ಅವನದೂ ಅದೇ, ನಮ್ಮ ಅಣ್ಣಂದೂ ಅದೇ.

ನಮಗ ಕೋಟಿ ಬ್ಯಾಡ. ಗೆದ್ದ ರೊಕ್ಕದಾಗ ನಾಲ್ಕನೇ ಒಂದು ಪಾಲು ಬ್ಯಾಂಕಿನಾಗ ಇಡೋಣ, ಪೆಟ್ಟಿಗೆ ಮತ್ತ ಕಟ್ ಆದ ಕೂಲಿಗೆ. ಲೆಕ್ಕ ಗ್ರೂಪಿನಾಗ ಎಲ್ಲರಿಗೂ ಕಾಣಂಗ ಹಾಕೋಣ. ಈ ಅಮಾಸಿ ಮೀಟಿಂಗಿನಾಗ ನಾ ಇದನ್ನ ಕೇಳ್ತೀನಿ. ಸೀನಿಯರ್‌ಗಳು ಬೈತಾರ, ಬೈಲಿ.

ಭಾಗ 4ಕ್ಕ ಹಳೇ ಗ್ರೂಪ್ ಫೋಟೊ ಬೇಕಾಗ್ಯಾವ. ನಿಮ್ಮ ಮನ್ಯಾಗ ಕಾಕಾ, ಮಾವ ಯಾರಾದ್ರೂ ಆಡಿದ್ರ ಫೋಟೊ ಕಳ್ಸ್ರಿ. ಜೊತಿಗೆ ಒಂದು ಮಾತು ಕೇಳಿ ಬರೀರಿ: ಆ ಮ್ಯಾಚಿಗೆ ಅವರು ಎಷ್ಟು ದಿನದ ಕೂಲಿ ಬಿಟ್ರು?

#ನಮ್ಮೂರಕಬಡ್ಡಿ #ಬಸವಕಲ್ಯಾಣ #ಹುಮನಾಬಾದ್