ಡ್ರಾ ಎಂದರೆ ಏನೂ ಆಗಲಿಲ್ಲ ಎಂದಲ್ಲ

ಚೆಸ್ ಟೂರ್ನಿ ಮುಗಿಸಿ ಮನೆಗೆ ಬಂದವರಿಗೆ ಎದುರಾಗುವ ಪ್ರಶ್ನೆ ಒಂದೇ: ‘ಗೆದ್ದೆಯಾ, ಸೋತೆಯಾ?’ ‘ಡ್ರಾ’ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅಷ್ಟು ಹೊತ್ತು ಕೂತು ಮಾಡಿದ್ದೇನು ಎಂಬ ಮಾತೂ ಬರುತ್ತದೆ. ಆದರೆ ಎಲ್ಲ ಡ್ರಾಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

2000ದಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟವನ್ನೇ ನೋಡಿ. 1985ರಿಂದ ಚಾಂಪಿಯನ್ ಆಗಿದ್ದ ಗ್ಯಾರಿ ಕ್ಯಾಸ್ಪರೋವ್ ಅವರ ಬಿಳಿ ಕಾಯಿಗಳೆದುರು ವ್ಲಾದಿಮಿರ್ ಕ್ರಾಮ್ನಿಕ್ ಆಡಿದ್ದು, ಆಗ ಹೆಚ್ಚು ಬಳಕೆಯಲ್ಲಿಲ್ಲದ ಬರ್ಲಿನ್ ಡಿಫೆನ್ಸ್. ಎಂಟನೇ ನಡೆಗೇ ಎರಡೂ ರಾಣಿಗಳು ಹಲಗೆಯಿಂದ ಹೊರಗೆ. ಕಪ್ಪು ರಾಜನಿಗೆ ಕ್ಯಾಸಲಿಂಗ್ ಅವಕಾಶ ತಪ್ಪಿತು, ಎರಡು ಪದಾತಿಗಳು ಒಂದೇ ಸಾಲಿಗೆ ಬಿದ್ದವು. ನೋಡಲು ಕಪ್ಪಿನದೇ ದುರ್ಬಲ ಸ್ಥಿತಿ. ಆದರೆ ದಾಳಿಗೆ ಹೆಸರಾದ ಕ್ಯಾಸ್ಪರೋವ್‌ಗೆ ದಾಳಿಯ ದಾರಿಯೇ ಸಿಗಲಿಲ್ಲ. 25 ನಡೆಗಳಲ್ಲಿ ಆಟ ಡ್ರಾ. ಈ ‘ಬರ್ಲಿನ್ ಗೋಡೆ’ಯನ್ನು ಸರಣಿಯುದ್ದಕ್ಕೂ ಅವರು ಒಡೆಯಲಾಗಲಿಲ್ಲ. 15 ಆಟಗಳಲ್ಲಿ 13 ಡ್ರಾ, ಎರಡು ಕ್ರಾಮ್ನಿಕ್ ಗೆಲುವು. ಕಿರೀಟ ಕೈ ಬದಲಾಯಿತು. ಆ ಡ್ರಾಗಳಲ್ಲಿ ಏನೂ ಆಗಲಿಲ್ಲ ಎನ್ನಲಾದೀತೇ?

ಇದೇ ಬರ್ಲಿನ್‌ನಲ್ಲಿ ಇನ್ನೊಂದು ದಾರಿಯೂ ಇದೆ. ರಾಣಿಗಳು ಹಿಂದೆ ಮುಂದೆ ಓಡಾಡಿ, ಒಂದೇ ಸ್ಥಿತಿ ಮೂರು ಬಾರಿ ಮರುಕಳಿಸಿ, 14 ನಡೆಗಳಲ್ಲಿ ಆಟ ಮುಗಿಯುತ್ತದೆ. ಗ್ರ್ಯಾಂಡ್‌ಮಾಸ್ಟರ್‌ಗಳೂ ಈ ಬಾಯಿಪಾಠ ಒಪ್ಪಿಸಿ ಎದ್ದು ಹೋಗುವುದುಂಟು. ಇಂತಿಷ್ಟು ನಡೆಗೆ ಮೊದಲು ಡ್ರಾ ಒಪ್ಪಂದ ಕೂಡದು ಎಂದು ಕೆಲವು ಟೂರ್ನಿಗಳು ನಿಯಮ ಮಾಡಿವೆ. ಆದರೆ ನಡೆ ಮರುಕಳಿಸಿದರೆ ನಿಯಮವೂ ಕೈಕಟ್ಟಿ ಕೂರುತ್ತದೆ. ಆಡುವ ಮನಸ್ಸಿಲ್ಲದವರನ್ನು ಯಾವ ನಿಯಮವೂ ಆಡಿಸಲಾರದು.

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ 14ನೇ ಆಟವೂ ಡ್ರಾ ಎಂದೇ ಬಹುತೇಕರು ಅಂದುಕೊಂಡಿದ್ದರು. ಗುಕೇಶ್ ಬಿಡದೆ ಆಡಿಸಿದರು. 55ನೇ ನಡೆಯಲ್ಲಿ ಡಿಂಗ್ ತಪ್ಪಿದರು. 18ರ ಹುಡುಗ ವಿಶ್ವ ಚಾಂಪಿಯನ್ ಆದ. ಅಂದು ಡಿಂಗ್ ತಪ್ಪದಿದ್ದರೆ ಆಟ ಡ್ರಾ ಆಗುತ್ತಿತ್ತು. ಗುಕೇಶ್ ಪಟ್ಟ ಶ್ರಮ ಮಾತ್ರ ಅಷ್ಟೇ ಇರುತ್ತಿತ್ತು.

ಹಾಗಾಗಿ ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಾಕೆಂದು ಹತ್ತೇ ನಡೆಗೆ ಕೈಕುಲುಕುವ ಗೆಳೆಯರಿಗೆ ಒಂದು ಮಾತು: ಆಡಿ. ಮನೆಯವರಿಗೂ ಒಂದು ವಿನಂತಿ: ಮುಂದಿನ ಸಲ ‘ಗೆದ್ದೆಯಾ?’ ಎನ್ನುವ ಮೊದಲು ‘ಹೇಗೆ ಆಡಿದೆ?’ ಎಂದು ಕೇಳಿ.