ನಾಯಿಯ ಮೊಣಕಾಲಿನ ಡೊಂಕು

ನಾಯಿಯ ಬಾಲದ ಡೊಂಕನ್ನು ಕುರಿತು ನಮ್ಮ ಹಿರಿಯರು ಆಡದ ಮಾತಿಲ್ಲ. ಅದೇ ಪ್ರಾಣಿಯ ಮೊಣಕಾಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಅರ್ಥವುಳ್ಳ ಇನ್ನೊಂದು ಡೊಂಕು ಉಂಟು. ಅದರ ಮೇಲೆ ಗಾದೆ ಕಟ್ಟಿದವರನ್ನು ನಾನರಿಯೆ. ನಾಯಿಯ ಮೊಣಕಾಲು ಎಲ್ಲಿದೆಯೆಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದಿರುವಾಗ ಗಾದೆ ಹುಟ್ಟುವುದೆಲ್ಲಿಂದ?

ವಾಚಕರು ಬೀದಿಯಲ್ಲಿ ನಿಂತ ಯಾವುದಾದರೂ ನಾಯಿಯನ್ನು ಪಕ್ಕದಿಂದ ನೋಡಲಿ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಒಂದು ಮೂಲೆ ಎದ್ದು ಕಾಣುತ್ತದೆ. ನಮ್ಮ ಮಂಡಿ ಮುಂದಕ್ಕೆ, ನಾಯಿಯ ಮಂಡಿ ಹಿಂದಕ್ಕೆ ಎಂದು ಮಕ್ಕಳು ಹೇಳುವುದು ಇದನ್ನು ನೋಡಿಯೇ. ವಾಸ್ತವವಾಗಿ ಅದು ಮಂಡಿಯಲ್ಲ, ಹಿಮ್ಮಡಿ. ನಾಯಿ ಬೆರಳುಗಳ ಮೇಲೆ ನಡೆಯುವ ಜೀವಿಯಾದುದರಿಂದ ಅದರ ಹಿಮ್ಮಡಿ ನೆಲವನ್ನು ಮುಟ್ಟುವುದೇ ಇಲ್ಲ. ನಿಜವಾದ ಮೊಣಕಾಲು ಅದಕ್ಕೂ ಮೇಲೆ, ಹೊಟ್ಟೆಯ ಕೆಳ ಅಂಚಿನ ಸಮೀಪದಲ್ಲಿ, ಚರ್ಮದ ಮಡಿಕೆಯಲ್ಲಿ ಅರೆ ಮರೆಯಾಗಿದೆ. ಮುಖವೂ ನಮ್ಮದರಂತೆ ಮುಂದಕ್ಕೇ.

ಕನ್ನಡ ಮೇಷ್ಟರಿಗೆ ಸಂಧಿಯೆಂದರೆ ಲೋಪ, ಆಗಮ, ಆದೇಶ. ಈ ಮೂಳೆಯ ಸಂಧಿಯನ್ನು ಆಗಮಸಂಧಿಯ ಗುಂಪಿಗೆ ಸೇರಿಸಬಹುದೆಂದು ನನಗೆ ತೋರುತ್ತದೆ. ತೊಡೆಯೆಲುಬಿನ ಕೆಳತುದಿಯಲ್ಲಿ ಎರಡು ದುಂಡು ಗುಬ್ಬಿಗಳು. ಅವು ಕೂರಬೇಕಾದ ಕಾಲೆಲುಬಿನ ಮೇಲ್ಭಾಗವೋ ಬಹುಮಟ್ಟಿಗೆ ಚಪ್ಪಟೆ. ಒಂದಕ್ಕೊಂದು ಹೊಂದದ ಈ ಎರಡರ ನಡುವೆ, ಎರಡು ಸ್ವರಗಳ ನಡುವೆ ಯಕಾರ ವಕಾರಗಳು ಬಂದು ಸೇರುವಂತೆ, ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳು ಬಂದು ಕುಳಿತಿವೆ. ಹೊರಗಡೆಯದು ಸ್ವಲ್ಪ ಅತ್ತಿತ್ತ ಸರಿಯಬಲ್ಲದು. ಒಳಗಡೆಯದು ಪಕ್ಕದ ಕಟ್ಟಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸರಿಯಲಾರದು. ಕೀಲು ಸಡಿಲವಾದಾಗ ಮೊದಲು ನಜ್ಜುಗುಜ್ಜಾಗುವುದು ಸಾಮಾನ್ಯವಾಗಿ ಅದೇ. ಇಷ್ಟನ್ನೂ ಒಂದು ಚೀಲದಂತಹ ಪೊರೆ ಸುತ್ತುವರಿದು, ಗಾಡಿಯ ಅಚ್ಚಿಗೆ ಕೀಲೆಣ್ಣೆಯಿಟ್ಟಂತೆ, ಜಾರುವ ದ್ರವವೊಂದನ್ನು ಒಸರುತ್ತಿರುತ್ತದೆ.

ಮುಂಭಾಗದಲ್ಲಿ ಮಂಡಿಚಿಪ್ಪು, ತೊಡೆಯೆಲುಬಿನ ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತದೆ. ಹಿಂಭಾಗದಲ್ಲಿ, ಮೀನಖಂಡದ ಮೂಲದಲ್ಲಿ, ಇನ್ನೆರಡು ಪುಟ್ಟ ಮೂಳೆಗಳು. ಲ್ಯಾಟಿನ್ ಪಂಡಿತರು ಇವನ್ನು ‘ಫಾಬೆಲ್ಲಾ’ ಎಂದರು, ಪುಟ್ಟ ಅವರೆ ಎಂದರ್ಥ. ಮನುಷ್ಯರಲ್ಲಿ ಈ ಅವರೆ ಕೆಲವರಿಗೆ ಮಾತ್ರ ಇರುವುದು. ನಾಯಿಗೆ ಇವುಗಳ ಜೊತೆಗೆ ನಾಲ್ಕನೆಯದೊಂದು ಕಿರುಮೂಳೆಯೂ ಉಂಟು.

ಇನ್ನು ಆ ಡೊಂಕಿನ ಮಾತು. ನಾವು ನೆಟ್ಟಗೆ ನಿಂತಾಗ ದೇಹದ ಭಾರ ಮೂಳೆಯಿಂದ ಮೂಳೆಗೆ ಇಳಿದು ಹೋಗುತ್ತದೆ; ಮಂಡಿಗೆ ಅಷ್ಟು ವಿಶ್ರಾಂತಿ. ಕುದುರೆಯಂತೂ ತನ್ನ ಮಂಡಿಚಿಪ್ಪನ್ನು ಮೂಳೆಯ ಏಣಿಗೆ ಸಿಕ್ಕಿಸಿ, ಬಾಗಿಲಿಗೆ ಅಗುಳಿ ಹಾಕಿದಂತೆ ಕೀಲನ್ನು ಭದ್ರಪಡಿಸಿ, ನಿಂತಲ್ಲಿಯೇ ತೂಕಡಿಸಬಲ್ಲದು. ನಾಯಿಗೆ ಈ ಅಗುಳಿಯಿಲ್ಲ. ನಿಂತಾಗಲೂ ಅದರ ಮೊಣಕಾಲು ಸುಮಾರು 140 ಡಿಗ್ರಿಯಲ್ಲಿ ಬಾಗಿಯೇ ಇರುತ್ತದೆ. ಎಷ್ಟು ಚಾಚಿದರೂ 160ರ ಆಸುಪಾಸಿಗೆ ನಿಲ್ಲುತ್ತದೆ. ಮಡಿಸಿದರೆ 40ರ ತನಕ ಬರುತ್ತದೆ. ಬಾಗಿದ ಬಿಲ್ಲಿನಂತೆ ಯಾವ ಕ್ಷಣದಲ್ಲಾದರೂ ನೆಗೆಯಲು ಸಿದ್ಧವಾಗಿರುವ ಕಾಲು ಅದು.

ಸಿದ್ಧತೆಗೆ ಬೆಲೆಯುಂಟು. ಕಾಲೆಲುಬಿನ ಮೇಲ್ಭಾಗವನ್ನು ಚಪ್ಪಟೆಯೆಂದೆನಷ್ಟೆ. ಆದರೆ ಅದು ಸಮತಟ್ಟಲ್ಲ, ಹಿಂದಕ್ಕೆ ಇಳಿಜಾರು. ಮನುಷ್ಯನಲ್ಲಿ ಈ ಇಳಿಜಾರು ಸಾಮಾನ್ಯವಾಗಿ 10 ಡಿಗ್ರಿಯೊಳಗೆ. ನಾಯಿಯಲ್ಲಿ 20ರಿಂದ 25ರ ಸುಮಾರು. ಹೆಜ್ಜೆಯೂರಿದಾಗಲೆಲ್ಲ ತೊಡೆಯೆಲುಬು ಆ ಇಳಿಜಾರಿನಲ್ಲಿ ಹಿಂದಕ್ಕೆ ಜಾರಬೇಕು, ಕಾಲೆಲುಬು ಮುಂದಕ್ಕೆ ನುಗ್ಗಬೇಕು. ಹಾಗಾಗದಂತೆ ತಡೆದಿರುವುದು ಕೀಲಿನೊಳಗೆ ಒಂದನ್ನೊಂದು ಓರೆಯಾಗಿ ಹಾಯ್ದಿರುವ ಎರಡು ಅಸ್ಥಿರಜ್ಜುಗಳಲ್ಲಿ ಮುಂದಿನದು. ಅದರಲ್ಲಿ ಎರಡು ಎಳೆಗಳಿವೆ. ಒಂದು ಎಳೆ ಕಾಲು ಚಾಚಿದಾಗ ಬಿಗಿದು, ಮಡಿಸಿದಾಗ ಸಡಿಲವಾಗುತ್ತದೆ. ಇನ್ನೊಂದಕ್ಕೆ ಬಿಡುವೆಂಬುದೇ ಇಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ಕನ್ನಡ ಓದಿದವರು ಮರೆಯಲಾರರು. ಕ್ರಿ.ಶ. 949-50ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ; ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ನೆನಪು ಅದರಲ್ಲಿ ಉಳಿದಿದೆ. ತನಗಿಂತ ಭಾರವಾದ ಹಂದಿಯನ್ನು ಕಚ್ಚಿ ಹಿಡಿದು ಹಿಂದಕ್ಕೆ ಜಗ್ಗುವ ನಾಯಿಯ ಬಲವೆಲ್ಲ ಹಿಂಗಾಲಿನಲ್ಲಿ. ವಿದ್ವಾಂಸರು ಆ ಶಾಸನದ ಭಾಷೆಯನ್ನು ಕುರಿತು ಬರೆದಿದ್ದಾರೆ, ರಾಜರನ್ನು ಕುರಿತು ಬರೆದಿದ್ದಾರೆ. ನನಗೆ ಈಚೆಗೆ ಕಾಳಿಯ ಮಂಡಿಯ ಹಗ್ಗಗಳದೇ ಯೋಚನೆ.

ಈ ಹಗ್ಗ ಒಂದೇ ಏಟಿಗೆ ಹರಿಯುವುದು ನಾಯಿಗಳಲ್ಲಿ ಕಡಿಮೆ. ಹಳೆಯ ಬಾವಿಹಗ್ಗದಂತೆ ನೂಲುನೂಲಾಗಿ ಸವೆದು ಒಂದು ದಿನ ಕೈಕೊಡುತ್ತದೆ. ಓಟದ ಗ್ರೇಹೌಂಡಿಗೆ ಇದು ಅಪರೂಪ; ನಮ್ಮ ಪಟ್ಟಣದ ಮನೆಗಳಲ್ಲಿ ತುಂಬಿರುವ ಲ್ಯಾಬ್ರಡಾರಿಗೆ ಸಾಮಾನ್ಯ. ಮೈ ಬೆಳೆಸಿದಷ್ಟೂ ಹಗ್ಗದ ಮೇಲೆ ಹೊರೆ. ಆದರೂ ಮುದ್ದಿನ ನಾಯಿಗೆ ನಾಲ್ಕನೆಯ ಚಪಾತಿ ಹಾಕುವ ಕೈಯನ್ನು ತಡೆಯುವವರಾರು? ಬಾರ್ಕ್ಲೆ ಸ್ಲೋಕಮ್ ಎಂಬ ಅಮೆರಿಕದ ಪಶುವೈದ್ಯರು ಮುನ್ನುಗ್ಗುವ ಈ ಬಲವನ್ನು 1983ರಲ್ಲಿ ವಿವರಿಸಿದರು. ಹತ್ತು ವರ್ಷದ ಮೇಲೆ, 1993ರಲ್ಲಿ, ಅದಕ್ಕೊಂದು ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಅವರು ಹರಿದ ಹಗ್ಗವನ್ನು ಹೊಸೆಯಲು ಹೋಗಲಿಲ್ಲ. ಕಾಲೆಲುಬಿನ ತಲೆಯನ್ನು ಕಮಾನಾಗಿ ಕೊಯ್ದು, ತಿರುಗಿಸಿ, ಇಳಿಜಾರನ್ನೇ ತಗ್ಗಿಸಿ, ಲೋಹದ ಪಟ್ಟಿಯಿಂದ ಬಿಗಿದರು. ಜಾರುವ ನೆಲವೇ ಇಲ್ಲವಾದರೆ ಹಿಡಿಯುವ ಹಗ್ಗವೇಕೆಂಬ ಈ ಯುಕ್ತಿ ನನಗೆ ಬಹಳ ಹಿಡಿಸಿತು.

ಆರೋಗ್ಯವಂತ ಮೊಣಕಾಲನ್ನು ಗುರುತಿಸಲು ಆಸ್ಪತ್ರೆಗೇ ಹೋಗಬೇಕಾಗಿಲ್ಲ. ತಮ್ಮ ನಾಯಿ ನಿಂತಿರುವಾಗ ಹಿಂದಿನಿಂದ ಬಾಗಿ, ಎರಡು ಕೈಗಳಿಂದಲೂ ಮಂಡಿಚಿಪ್ಪಿನ ಕೆಳಗೆ ಮೆಲ್ಲಗೆ ಸವರಿರಿ. ಬಿಗಿದ ಹುರಿಯೊಂದು, ಅದರ ಎರಡು ಅಂಚುಗಳು ಬೆರಳಿಗೆ ಸ್ಪಷ್ಟವಾಗಿ ಸಿಕ್ಕಬೇಕು. ಕೀಲಿನಲ್ಲಿ ನೀರು ತುಂಬಿದ್ದರೆ ಆ ಅಂಚುಗಳು ಮಸುಕಾಗಿಬಿಡುತ್ತವೆ. ಆಮೇಲೆ ಅದನ್ನು ಕೂರಿಸಿ ನೋಡಿರಿ. ಮಂಡಿ ನೆಟ್ಟಗಿರುವ ನಾಯಿ ಎರಡು ಕಾಲುಗಳನ್ನೂ ಸಮವಾಗಿ ಮಡಿಸಿ ಕೂರುತ್ತದೆ. ನೋವಿರುವುದು ಒಂದು ಕಾಲನ್ನು ಪಕ್ಕಕ್ಕೆ ಚಾಚಿ ಕೂರುತ್ತದೆ. ಮರಿಗಳ ಮಾತು ಬೇರೆ, ಅವು ಹೇಗೆ ಬೇಕಾದರೂ ಕುಳಿತಾವು. ಬೆಳೆದ ನಾಯಿ ದಿನವೂ ಹಾಗೆ ಕುಳಿತರೆ ಮನೆಯವರು ಸೋಮಾರಿಯೆಂದು ನಕ್ಕು ಸುಮ್ಮನಾಗುತ್ತಾರೆ. ಕುಂಟುವ ತನಕ ಯಾರೂ ಅದನ್ನು ಪಶುವೈದ್ಯರ ಬಳಿಗೆ ಕರೆದೊಯ್ಯುವುದಿಲ್ಲ. ಅಷ್ಟರಲ್ಲಿ ಹಗ್ಗದ ಎಷ್ಟೋ ನೂಲುಗಳು ಹರಿದುಹೋಗಿರುತ್ತವೆ.